ವಾಷಿಂಗ್ಟನ್ ಹೆಸರು ಯಾವ ಊರಿನದು?

ಪ್ರಶ್ನೆ: ಅಮೆರಿಕದಲ್ಲಿ ವಾಷಿಂಗ್ಟನ್ ಎಂಬ ಮನೆತನದ ಹೆಸರಿರುವವರಲ್ಲಿ ಹೆಚ್ಚಿನವರು ಕಪ್ಪು ಜನ ಎಂದು ಮಗ ಹೇಳಿದ. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಬಿಳಿಯರಲ್ಲವೇ? ಇವರೆಲ್ಲ ಅವರ ವಂಶದವರೇ? ಈ ಹೆಸರಿನ ಮೂಲ ಯಾವುದು?
– ಓದುಗರು, ಧಾರವಾಡ

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. 2000ದ ಜನಗಣತಿಯಲ್ಲಿ ಅಮೆರಿಕದಲ್ಲಿ ಈ ಹೆಸರಿನವರು 1,63,036 ಮಂದಿ. ಅವರಲ್ಲಿ ಸುಮಾರು ಶೇ 90ರಷ್ಟು ಆಫ್ರಿಕನ್ ಮೂಲದವರು. ಆದರೆ ಅವರು ಜಾರ್ಜ್ ವಾಷಿಂಗ್ಟನ್ ವಂಶದವರಲ್ಲ. ಜಾರ್ಜ್ ಅವರಿಗೆ ಸ್ವಂತ ಮಕ್ಕಳೇ ಇರಲಿಲ್ಲ.

ಮೂಲದಲ್ಲಿ ಇದು ಒಂದು ಊರಿನ ಹೆಸರು. ನಿಮ್ಮ ಕಡೆ ನವಲಗುಂದ, ಹುನಗುಂದ ಎಂಬ ಅಡ್ಡಹೆಸರುಗಳು ಇವೆಯಲ್ಲ, ಹಾಗೆಯೇ. ಇಂಗ್ಲೆಂಡಿನ ಈಶಾನ್ಯದ ಹಳೆಯ ಡರಂ ಸೀಮೆಯಲ್ಲಿ ವಾಷಿಂಗ್ಟನ್ ಎಂಬ ಊರು ಈಗಲೂ ಇದೆ. ಹಳೆಯ ಇಂಗ್ಲಿಷಿನಲ್ಲಿ ‘ಟೂನ್’ ಎಂದರೆ ಹೊಲಮನೆ, ಹಳ್ಳಿ. ಹ್ವಾಸ ಎಂಬಾತನ ಕಡೆಯವರ ಹಳ್ಳಿ ಎಂದು ಈ ಹೆಸರನ್ನು ಬಿಡಿಸುತ್ತಾರೆ. 1183ರಲ್ಲಿ ಡರಂ ಬಿಷಪ್ಪರು ತಮ್ಮ ಜಮೀನುಗಳ ಲೆಕ್ಕ ಬರೆಸಿದರು. ಹರ್ಟ್‌ಬರ್ನ್ ಊರಿನ ವಿಲಿಯಂ ತನ್ನ ಹಳ್ಳಿ ಬಿಟ್ಟುಕೊಟ್ಟು ವಾಷಿಂಗ್ಟನ್ ಪಡೆದದ್ದು ಅದರಲ್ಲಿದೆ. ವರ್ಷಕ್ಕೆ ನಾಲ್ಕು ಪೌಂಡ್ ಕಂದಾಯ ಕೊಡಬೇಕು, ಬಿಷಪ್ಪರ ದೊಡ್ಡ ಬೇಟೆಗೆ ನಾಲ್ಕು ಬೇಟೆನಾಯಿ ತರಬೇಕು, ಇದು ಕರಾರು. ಊರು ಬದಲಾದಂತೆ ಅವನ ಹೆಸರೂ ಬದಲಾಯಿತು. ಆ ಕಾಲದಲ್ಲಿ ಇಂಥ ಹೆಸರು ರಕ್ತಕ್ಕಿಂತ ಜಮೀನಿಗೆ ಅಂಟಿದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗಲಾರದು.

ಮುಂದೆ ಮನೆತನದ ಒಂದು ಕವಲು ದಕ್ಷಿಣಕ್ಕೆ ಇಳಿಯಿತು. ಉಣ್ಣೆ ವ್ಯಾಪಾರಿ ಲಾರೆನ್ಸ್ ವಾಷಿಂಗ್ಟನ್ 1539ರಲ್ಲಿ ನಾರ್ಥಾಂಪ್ಟನ್ ಸೀಮೆಯ ಸಲ್‌ಗ್ರೇವ್‌ನಲ್ಲಿ ಜಮೀನು ಕೊಂಡ. ಅವನ ವಂಶದ ಇನ್ನೊಬ್ಬ ಲಾರೆನ್ಸ್ ಎಸೆಕ್ಸ್‌ನಲ್ಲಿ ಪಾದ್ರಿ. ಇಂಗ್ಲೆಂಡಿನಲ್ಲಿ ರಾಜನಿಗೂ ಸಂಸತ್ತಿಗೂ ನಡೆದ ಅಂತರ್ಯುದ್ಧದ ಹೊತ್ತಿನಲ್ಲಿ, 1643ರಲ್ಲಿ, ಸಂಸತ್ತಿನ ಕಡೆಯವರು ಅವನನ್ನು ಹುದ್ದೆಯಿಂದ ತೆಗೆದರು. ಮನೆ ಬಡವಾಯಿತು. ಮಗ ಜಾನ್ ಹಡಗು ಹತ್ತಿದ. 1657ರಲ್ಲಿ ಹೊಗೆಸೊಪ್ಪು ತುಂಬಿ ಹೊರಟ ಆ ಹಡಗು ವರ್ಜೀನಿಯಾದ ಪೊಟೋಮ್ಯಾಕ್ ನದಿಯಲ್ಲಿ ನೆಲಕ್ಕೆ ಸಿಕ್ಕಿಕೊಂಡಿತು. ಜಾನ್ ಅಲ್ಲೇ ಉಳಿದು ಮದುವೆಯಾದ. 1732ರಲ್ಲಿ ಹುಟ್ಟಿದ ಜಾರ್ಜ್ ಅವನ ಮರಿಮಗ.

ಹಾಗಾದರೆ ಆ ಶೇ 90ರಷ್ಟು ಜನ? ಗುಲಾಮರಿಗೆ ಕಾನೂನು ಒಪ್ಪುವ ಮನೆತನದ ಹೆಸರೇ ಇರಲಿಲ್ಲ. 1865ರಲ್ಲಿ ಬಿಡುಗಡೆಯಾದಾಗ ಲಕ್ಷಾಂತರ ಜನ ತಮಗೊಂದು ಹೆಸರು ಆರಿಸಿಕೊಂಡರು. ಒಡೆಯನ ಹೆಸರನ್ನೇ ಎಲ್ಲರೂ ಹೊತ್ತರು ಎನ್ನುವುದು ಅವರಿಗೆ ಮಾಡುವ ಅನ್ಯಾಯ. ಗುಲಾಮರಾಗಿ ಹುಟ್ಟಿ ಮುಂದೆ ಹೆಸರಾಂತ ಶಿಕ್ಷಣತಜ್ಞರಾದ ಬುಕರ್ ಟಿ. ವಾಷಿಂಗ್ಟನ್ ತಮ್ಮ ಆತ್ಮಕಥೆಯಲ್ಲಿ ಇದನ್ನು ಹೇಳಿಕೊಂಡಿದ್ದಾರೆ: ಶಾಲೆಯ ಮೊದಲ ದಿನ ಹಾಜರಿ ಕೂಗುವಾಗ ಬೇರೆ ಮಕ್ಕಳಿಗೆಲ್ಲ ಎರಡೆರಡು ಹೆಸರು, ತನಗೆ ‘ಬುಕರ್’ ಒಂದೇ. ತನ್ನ ಸರದಿ ಬರುವಷ್ಟರಲ್ಲಿ ಆ ಹುಡುಗ ಮನಸ್ಸಿನಲ್ಲೇ ತೀರ್ಮಾನಿಸಿ, ‘ಬುಕರ್ ವಾಷಿಂಗ್ಟನ್’ ಎಂದುಬಿಟ್ಟ. ಮಲತಂದೆಯ ಹೆಸರು ವಾಷಿಂಗ್ಟನ್. ಅದು ಆತನ ಮನೆತನದ ಹೆಸರಲ್ಲ, ಸ್ವಂತ ಹೆಸರು.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಹ್ಯಾರಿ ವಾಷಿಂಗ್ಟನ್. ಆಫ್ರಿಕದ ಗ್ಯಾಂಬಿಯಾ ಪ್ರದೇಶದಲ್ಲಿ ಹುಟ್ಟಿದವನು, ಜಾರ್ಜ್ ಅವರ ಮೌಂಟ್ ವರ್ನನ್ ತೋಟದಲ್ಲಿ ಗುಲಾಮ. ಸ್ವಾತಂತ್ರ್ಯ ಯುದ್ಧ ನಡೆದಾಗ ತಪ್ಪಿಸಿಕೊಂಡು ಬ್ರಿಟಿಷರ ಪಾಳೆಯ ಸೇರಿದ. 1783ರಲ್ಲಿ ನ್ಯೂಯಾರ್ಕ್‌ನಿಂದ ಕೆನಡಾದ ನೋವಾ ಸ್ಕೋಷಿಯಾಗೆ ಹೋದ. 1792ರಲ್ಲಿ ಅಲ್ಲಿಂದ ಮತ್ತೆ ಹಡಗು ಹತ್ತಿ, ಅದೇ ಡರಂ ಹಳ್ಳಿಯ ಹೆಸರಿನೊಂದಿಗೆ, ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್‌ನಲ್ಲಿ ಇಳಿದ.