ಕೇಬಲ್ಲೋ ಫೋನ್ ಲೈನೋ: ಜರ್ಮನಿಗೆ ಬಂದ ತಮ್ಮನಿಗೊಂದು ಉತ್ತರ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಸ್ಟುಟ್‌ಗಾರ್ಟ್‌ನಲ್ಲಿ ಬಾಡಿಗೆ ಮನೆ ಸಿಕ್ಕಿದೆ, ಮುಂದಿನ ತಿಂಗಳು ಕೀಲಿ ಕೊಡುತ್ತಾರೆ, ಇಂಟರ್‌ನೆಟ್‌ಗೆ ಫೋನ್ ಲೈನಿನ ಡಿಎಸ್‌ಎಲ್ ಹಾಕಿಸಲೋ ಟಿವಿ ಕೇಬಲ್ಲಿಂದ ಬರೋದನ್ನು ಹಾಕಿಸಲೋ, ಕೇಬಲ್‌ನವರು 1000 ಎಂಬಿಪಿಎಸ್ ಅನ್ನುತ್ತಾರೆ, ಫೋನ್‌ನವರು 100 ಅನ್ನುತ್ತಾರೆ, ದುಡ್ಡಿನಲ್ಲಿ ಅಂಥ ಫರಕೇನಿಲ್ಲ, ಹಾಗಿದ್ದ ಮೇಲೆ ಕೇಬಲ್ಲೇ ಅಲ್ವಾ ಅಂತ ಕೇಳಿದ್ದೀಯ. ನೀನು ಬಾಗಲಕೋಟೆ ವಿದ್ಯಾಗಿರಿಯವನು, ನಾನು ನವನಗರದವನು. ಊರವನು ಕೇಳಿದ ಅಂತ ಸ್ವಲ್ಪ ಉದ್ದವಾಗೇ ಬರೆಯುತ್ತೇನೆ.

ಮೊದಲು ಆ 1000 ಅನ್ನೋದನ್ನು ತಲೆಯಿಂದ ತೆಗೆದುಬಿಡು. ಅದು ಡೌನ್‌ಲೋಡ್ ಲೆಕ್ಕ. ಅದೇ ಕೇಬಲ್ ಪ್ಲಾನಿನಲ್ಲಿ ಅಪ್‌ಲೋಡ್ ಸಾಮಾನ್ಯವಾಗಿ 50. ಡಿಎಸ್‌ಎಲ್ 100ರಲ್ಲಿ ಅಪ್‌ಲೋಡ್ 40. ಡೌನ್‌ಲೋಡಿನಲ್ಲಿ ಹತ್ತು ಪಟ್ಟು ಅಂತರ, ಅಪ್‌ಲೋಡಿನಲ್ಲಿ ಹೆಚ್ಚುಕಮ್ಮಿ ಸಮ. ವಾರದಲ್ಲಿ ಎರಡು ಮೂರು ದಿನ ಮನೆಯಿಂದಲೇ ಕೆಲಸ ಅಂದಿದ್ದೀಯಲ್ಲ, ಮೀಟಿಂಗಿನಲ್ಲಿ ನಿನ್ನ ಮುಖ, ನಿನ್ನ ದನಿ, ನೀನು ತೋರಿಸುವ ಸ್ಕ್ರೀನ್ ಎಲ್ಲ ಆ ಕಡೆ ಹೋಗೋದು ಅಪ್‌ಲೋಡಿನಲ್ಲೇ. ಹಾಗಂತ ಕಡಿಮೆ ರೇಟು ನೋಡಿ ಡಿಎಸ್‌ಎಲ್ 50 ತಗೋಬೇಡ. ಅದರಲ್ಲಿ ಅಪ್‌ಲೋಡ್ ತೀರಾ ಕಡಿಮೆ.

ಇನ್ನು ತಂತಿಯ ವಿಷಯ. ಕೇಬಲ್ ಅನ್ನೋದು ಸುತ್ತಲಿನ ಮನೆಗಳಿಗೆಲ್ಲ ಹಂಚಿಕೊಂಡ ಲೈನು. ಊರಲ್ಲಿ ನಳ ಬಂದಾಗ ಓಣಿಯವರೆಲ್ಲ ಒಟ್ಟಿಗೆ ಮೋಟಾರ್ ಹಚ್ಚಿದರೆ ಕಡೇ ಮನೆಗೆ ನೀರು ಸಣ್ಣಗಾಗುತ್ತಲ್ಲ, ಇದೂ ಹಾಗೇ. ರಾತ್ರಿ ಎಂಟರಿಂದ ಹತ್ತರವರೆಗೆ ಎಲ್ಲರೂ ಸಿನಿಮಾ ಹಚ್ಚಿಕೊಂಡು ಕೂತಾಗ ಕೆಲವು ಏರಿಯಾಗಳಲ್ಲಿ ವೇಗ ಪೂರ್ತಿ ಬಿದ್ದುಹೋಗುತ್ತದೆ, ಕೆಲವು ಕಡೆ ಏನೂ ಗೊತ್ತೇ ಆಗೋದಿಲ್ಲ. ನನ್ನ ಹಿಂದಿನ ಮನೆಯಲ್ಲಿ ಭಾನುವಾರ ಸಂಜೆ ಫೋನಿನ ಹಾಟ್‌ಸ್ಪಾಟೇ ಗತಿ ಆಗಿತ್ತು. ಈಗಿನ ಮನೆಯಲ್ಲೂ ಕೇಬಲ್ಲೇ ಇದೆ, ಆದರೆ ಯಾವ ತಕರಾರೂ ಇಲ್ಲ. ಬೀದಿ ಬದಲಾದರೆ ಕಥೆಯೇ ಬದಲಾಗುತ್ತದೆ.

ಡಿಎಸ್‌ಎಲ್‌ನಲ್ಲಿ ಮನೆಯಿಂದ ಫುಟ್‌ಪಾತ್ ಮೇಲಿನ ಫೋನ್ ಕಂಪನಿಯ ಬೂದು ಬಣ್ಣದ ಪೆಟ್ಟಿಗೆಯವರೆಗೆ ತಾಮ್ರದ ತಂತಿ ನಿನ್ನದೊಂದೇ. ಪಕ್ಕದವನು ಏನು ನೋಡಿದರೂ ನಿನ್ನ ವೇಗ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಇಲ್ಲಿ ತೊಂದರೆ ದೂರದ್ದು. ಪೆಟ್ಟಿಗೆ ಮನೆ ಹತ್ತಿರ ಇದ್ದರೆ 250ರವರೆಗೂ ಸಿಗುತ್ತದೆ, ಅರ್ಧ ಕಿಲೋಮೀಟರ್ ದಾಟಿತೋ, ಆ 250ರ ಆಸೆ ಬಿಡು. ಹೊಸ ಉಪಕರಣ ಬಾರದ ಕಡೆ ಇನ್ನೂ ಹಳೇ 16ರ ಲೈನೇ ಇದೆ, ಜರ್ಮನಿ ಅಂದರೂ ಅಷ್ಟೇ. ಈ ತಂತಿ ಬಹುತೇಕ ಡಾಯ್ಚ ಟೆಲಿಕಾಮ್ ಅನ್ನೋ ಫೋನ್ ಕಂಪನಿಯದು, ಬೇರೆ ಕಂಪನಿಗಳೂ ಅದರ ಮೇಲೆಯೇ ಮಾರುತ್ತವೆ. ಹಾಗಾಗಿ ಒಬ್ಬರ ಬಳಿ 16 ಅಂತ ತೋರಿಸಿದರೆ ಇನ್ನೊಬ್ಬರ ಬಳಿ 100 ಸಿಗುತ್ತೆ ಅಂತ ಅಲೆದಾಡಬೇಡ.

ಅವ್ವನ ಜೊತೆ ವಿಡಿಯೋ ಕಾಲ್ ಕಟ್ ಆಗಬಾರದು ಅಂತ ಬರೆದಿದ್ದೀಯ. ಅದಕ್ಕೆ ಯಾವುದಾದರೂ ನಡೆಯುತ್ತದೆ ತಮ್ಮಾ. ಬೇಸಿಗೆಯಲ್ಲಿ ಊರು ನಮಗಿಂತ ಮೂರೂವರೆ ತಾಸು ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಇಲ್ಲಿ ರಾತ್ರಿ ಎಂಟಾಗಿ ಕೇಬಲ್ ಜಗ್ಗಾಡೋ ಹೊತ್ತಿಗೆ ಬಾಗಲಕೋಟೆಯಲ್ಲಿ ಹನ್ನೊಂದೂವರೆ, ಹನ್ನೆರಡೂವರೆ. ಅವ್ವ ಒಂದು ನಿದ್ದೆ ಮುಗಿಸಿರುತ್ತಾಳೆ. ನೀನು ಹೇಗೂ ಸಂಜೆ ಐದಾರಕ್ಕೇ ಫೋನ್ ಹಚ್ಚುತ್ತೀಯ, ಆಗ ಲೈನು ಖಾಲಿ. ಕಟ್ ಆದರೆ ಆ ಕಡೆಯ ಮೊಬೈಲ್ ಸಿಗ್ನಲ್ಲಿಂದಲೇ ಆಗೋದು ಜಾಸ್ತಿ.

ಕೀಲಿ ಸಿಕ್ಕ ದಿನ ಮೊದಲು ಗೋಡೆ ನೋಡು. ಮೂರು ಸೀಳಿನ ಚಿಕ್ಕ ಸಾಕೆಟ್, ಮೇಲೆ ಎನ್, ಎಫ್ ಅಂತ ಅಕ್ಷರ ಇದ್ದರೆ ಅದು ಫೋನಿನದು. ದುಂಡನೆಯ ತೂತುಗಳ ಸಾಕೆಟ್ ಟಿವಿ ಕೇಬಲ್ಲಿನದು. ಅದರಲ್ಲಿ ಟಿವಿಗೆ, ರೇಡಿಯೋಗೆ ಅಂತ ಎರಡೇ ತೂತಿದ್ದರೆ ಟೆಕ್ನಿಶಿಯನ್ ಬಂದು ಬದಲಿಸಬೇಕಾಗುತ್ತದೆ. ತಿರುಪು ಹಾಕುವ ಮೂರನೆಯದೊಂದು ಇದ್ದರೆ ಆ ಮನೆಗೆ ಕೇಬಲ್ ಇಂಟರ್‌ನೆಟ್ ಆಗಲೇ ಬಂದಿರಬಹುದು.

ಟೆಕ್ನಿಶಿಯನ್ ಬರೋದು ಊರಿನ ಹಾಗಲ್ಲ. ಅಲ್ಲಿ ಕೇಬಲ್‌ನವನಿಗೆ ಫೋನ್ ಮಾಡಿದರೆ ಸಂಜೆಯೊಳಗೆ ಬೈಕಿನಲ್ಲಿ ಬಂದು ಕಂಬ ಹತ್ತುತ್ತಾನೆ. ಇಲ್ಲಿ ವಾರಗಟ್ಟಲೆ ಮುಂದಿನ ದಿನಾಂಕ ಕೊಟ್ಟು, ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಹನ್ನೆರಡರೊಳಗೆ ಯಾವಾಗಲಾದರೂ ಬರ್ತೀವಿ ಅನ್ನುತ್ತಾರೆ. ಬಂದವನು ನೋಡೋದು ಕೆಳಗಿನ ಕರೆಗಂಟೆ ಹಲಗೆಯನ್ನು. ಅಲ್ಲಿ ಹಳೇ ಬಾಡಿಗೆದಾರನ ಹೆಸರೇ ಇದ್ದರೆ "ಆಸಾಮಿ ಇಲ್ಲ" ಅಂತ ಬರೆದುಕೊಂಡು ಹೋಗಿಬಿಡುತ್ತಾನೆ, ನೀನು ಮೂರನೇ ಮಹಡಿಯಲ್ಲಿ ಕಾಯ್ತಾ ಕೂತಿರುತ್ತೀಯ. ಅದಕ್ಕೇ ಒಂದು ಚೀಟಿಯಲ್ಲಾದರೂ ನಿನ್ನ ಅಡ್ಡಹೆಸರು, ಅಂದರೆ ಸರ್‌ನೇಮ್, ಬರೆದು ಅಂಟಿಸು, ಒಪ್ಪಂದದಲ್ಲಿ ಇರುವ ಹಾಗೇ. ತಂತಿ ಒಳಗೆ ಬರೋದು ನೆಲಮಾಳಿಗೆಯಿಂದ, ಅದರ ಕೀಲಿ ಯಾರ ಹತ್ತಿರ ಇದೆ ಅಂತ ಹಿಂದಿನ ದಿನವೇ ಕೇಳಿಟ್ಟುಕೋ. ನೀನು ಮನೆಯಲ್ಲೇ ಇದ್ದೂ ಹೇಳಿದ ದಿನ ಅವರೇ ಬಾರದಿದ್ದರೆ 10 ಯೂರೋ ಅಥವಾ ತಿಂಗಳ ಬಿಲ್ಲಿನ 20 ಶೇಕಡಾ, ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಅವರು ನಿನಗೆ ಕೊಡಬೇಕು. ಕಾನೂನೇ ಹಾಗಿದೆ, ಕೇಳೋಕೆ ನಾಚಿಕೊಳ್ಳಬೇಡ.

ಕೇಬಲ್ ದುಡ್ಡು ಬಾಡಿಗೆಯಲ್ಲೇ ಸೇರಿರುತ್ತೆ ಅಂತ ಯಾರೋ ಹೇಳಿದರು ಅಂದೆಯಲ್ಲ, ಅದು ಹಳೇ ಮಾತು. ಸೇರ್ತಾ ಇದ್ದದ್ದು ಟಿವಿ ಚಾರ್ಜು, ಇಂಟರ್‌ನೆಟ್ ಅಲ್ಲ. 2024ರ ಜುಲೈ 1ರಿಂದ ಮನೆ ಮಾಲೀಕರು ಅದನ್ನೂ ಹಾಗೆ ಬಾಡಿಗೆದಾರರ ಮೇಲೆ ಹಾಕುವಂತಿಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಯೋಚಿಸಬೇಕಾದದ್ದು ಒಪ್ಪಂದದ ಅವಧಿ. ಮಾಮೂಲಿ 24 ತಿಂಗಳು. ಮೊದಲ ಕೆಲವು ತಿಂಗಳು ಅಗ್ಗ, ಆಮೇಲೆ ಪೂರ್ತಿ ರೇಟು. ಹೊಸದಾಗಿ ಬಂದವರು ಮೊದಲ ಮನೆಯಲ್ಲೇ ಎರಡು ವರ್ಷ ನಿಲ್ಲೋದು ಕಡಿಮೆ. ನಿನ್ನ ಹೆಂಡತಿ ಬಂದ ಮೇಲೆ ದೊಡ್ಡ ಮನೆ ಹುಡುಕುತ್ತೀಯ, ಬರೆದಿಟ್ಟುಕೋ. ಹೊಸ ವಿಳಾಸಕ್ಕೆ ಅವರ ಲೈನ್ ಇಲ್ಲದಿದ್ದರೆ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು, ಇದ್ದರೆ ಅದೇ ಒಪ್ಪಂದ ಬೆನ್ನು ಹತ್ತಿ ಬರುತ್ತದೆ. 12 ತಿಂಗಳದ್ದು ಕೊಡಿ ಅಂತ ಬಾಯಿಬಿಟ್ಟು ಕೇಳು, ಅಂಥದ್ದೊಂದನ್ನು ಅವರು ತೋರಿಸಲೇಬೇಕು. ಮೊದಲ ಅವಧಿ ಮುಗಿದ ಮೇಲೆ ಯಾವಾಗ ಬೇಕಾದರೂ ಒಂದು ತಿಂಗಳ ನೋಟಿಸ್ ಸಾಕು, ಈ ನಿಯಮ 2021ರ ಡಿಸೆಂಬರಿನಿಂದ ಇದೆ. ಬಾಗಿಲು ಬಡಿದು ಫೈಬರ್, ಅಂದರೆ ಗಾಜಿನ ಎಳೆಯ ಲೈನು, ಮಾರುವವರೂ ಬರುತ್ತಾರೆ. ಫೈಬರ್ ಒಳ್ಳೆಯದೇ, ಆದರೆ ಬಾಗಿಲಲ್ಲಿ ನಿಂತು ಸಹಿ ಹಾಕಬೇಡ. ಹಾಕಿಬಿಟ್ಟಿದ್ದರೆ 14 ದಿನದೊಳಗೆ ವಾಪಸ್ ತಗೋ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಕಂಪನಿಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ನೋಡಿದಾಗ ಡಿಎಸ್‌ಎಲ್ 100 ಸಿಕ್ಕರೆ ಅದೇ, ಅದೂ 12 ತಿಂಗಳಿಗೆ. 16 ಅಂತ ಬಂದರೆ ಕಣ್ಣು ಮುಚ್ಚಿಕೊಂಡು ಕೇಬಲ್, ಆದರೂ 1000 ಬೇಡ, 250 ಧಾರಾಳ ಸಾಕು. ಮೇಲಿನ ಮನೆಯವರಿಗೆ ಸುಮ್ನೆ ಒಂದು ಮಾತು ಕೇಳು, ಸಂಜೆ ಹೊತ್ತು ಹೇಗೆ ಓಡುತ್ತೆ ಅಂತ. ಜಾಹೀರಾತಿಗಿಂತ ಅವರ ಮಾತಿಗೆ ಬೆಲೆ ಕೊಡು. ಹೇಳಿದ ವೇಗ ಬರದಿದ್ದರೆ ಟೆಲಿಕಾಂ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಬುಂಡೆಸ್‌ನೆಟ್ಸ್‌ಅಗೆಂಟೂರ್‌ನ ಸಾಫ್ಟ್‌ವೇರ್ ಇದೆ. ವೈಫೈ ಬಿಟ್ಟು ತಂತಿ ಹಚ್ಚಿ ಬೇರೆ ಬೇರೆ ಮೂರು ದಿನ ಸೇರಿ 30 ಸಲ ಅಳೆಯಬೇಕು. ಅದರ ವರದಿ ತೋರಿಸಿ ಬಿಲ್ ಕಡಿಮೆ ಮಾಡಿಸಬಹುದು, ಇಲ್ಲವೇ ಒಪ್ಪಂದ ಮುರಿಯಬಹುದು.

ರೌಟರ್ ಅವರದ್ದೇ ಬಾಡಿಗೆಗೆ ತಗೋಬೇಕು ಅಂತಿಲ್ಲ, 2016ರ ಆಗಸ್ಟಿನಿಂದ ಸ್ವಂತದ್ದು ಹಾಕಿಕೊಳ್ಳಬಹುದು. ಸೆಕೆಂಡ್ ಹ್ಯಾಂಡ್ ಫ್ರಿಟ್ಸ್‌ಬಾಕ್ಸ್ ರೌಟರ್‌ಗಳು ಬೇಕಾದಷ್ಟು ಸಿಗುತ್ತವೆ. ಆದರೆ ಡಿಎಸ್‌ಎಲ್ ಮಾಡೆಲ್ಲೇ ಬೇರೆ, ಕೇಬಲ್ ಮಾಡೆಲ್ಲೇ ಬೇರೆ, ಅದರದ್ದು ಇದಕ್ಕೆ ಬರೋದಿಲ್ಲ. ಲೈನು ಯಾವುದು ಅಂತ ಗಟ್ಟಿಯಾಗೋವರೆಗೆ ಅದಕ್ಕೆ ದುಡ್ಡು ಹಾಕಬೇಡ.