ಹೊರಗಿನ ಪೇಂಟ್ ಉಳಿದಿದೆ, ಒಳಗೆ ಹೊಡೆಯಬಹುದಾ?

ಪ್ರಶ್ನೆ: ಮನೆಯ ಹೊರಗೋಡೆಗೆ ತಂದ ಪೇಂಟ್ ಸುಮಾರು 8 ಲೀಟರ್ ಉಳಿದಿದೆ. ಬಣ್ಣ ತುಂಬಾ ಚೆನ್ನಾಗಿದೆ. ಮಗಳು ಮಲಗುವ ಕೋಣೆಗೆ ಇದನ್ನೇ ಹೊಡೆಸೋಣ ಅಂತ ನಾನು, ಬೇಡ ಅಂತ ನಮ್ಮ ಮನೆಯವರು. ಮಳೆ ಬಿಸಿಲನ್ನೇ ತಡೆಯುವ ಪೇಂಟ್ ಒಳಗೆ ಇನ್ನೂ ಜಾಸ್ತಿ ದಿನ ಬಾಳುತ್ತದೆ ಅಲ್ವಾ?

ಉತ್ತರ: ನಿಮ್ಮ ಮನೆಯವರ ಮಾತು ಕೇಳಿ. ಅದರಲ್ಲೂ ಮಗಳ ಕೋಣೆಗೆ ಬೇಡವೇ ಬೇಡ.

ಯಾವ ಡಬ್ಬ ತೆಗೆದರೂ ಅದರಲ್ಲಿರುವುದು ಬಣ್ಣದ ಪುಡಿ, ಆ ಪುಡಿಯನ್ನು ಗೋಡೆಗೆ ಹಿಡಿದಿಡುವ ರೆಸಿನ್ ಅನ್ನುವ ಅಂಟು, ತೆಳ್ಳಗಾಗಲು ನೀರೋ ಥಿನ್ನರೋ, ಆಮೇಲೆ ಸ್ವಲ್ಪ ಸ್ವಲ್ಪ ಹಾಕುವ ಬೇರೆ ರಾಸಾಯನಿಕಗಳು. ದೊಡ್ಡ ವ್ಯತ್ಯಾಸ ಇರುವುದು ಆ ಅಂಟಿನಲ್ಲಿ ಮತ್ತು ಕೊನೆಗೆ ಹೇಳಿದ ರಾಸಾಯನಿಕಗಳಲ್ಲಿ.

ಹೊರಗೋಡೆ ಮಧ್ಯಾಹ್ನ ಕಾದು ಹಿಗ್ಗುತ್ತದೆ, ರಾತ್ರಿ ತಣ್ಣಗಾಗಿ ಕುಗ್ಗುತ್ತದೆ. ದಿನಾ ಇದೇ ಆಟ. ಗೋಡೆಯ ಜೊತೆ ಪೇಂಟೂ ಹಿಗ್ಗಿ ಕುಗ್ಗದಿದ್ದರೆ ಬಿರುಕು ಬಿಡುತ್ತದೆ, ಅದಕ್ಕೇ ಹೊರಗಿನ ಪೇಂಟ್‌ಗೆ ಮೆತ್ತನೆಯ ರೆಸಿನ್ ಹಾಕುತ್ತಾರೆ. ಒಳಗೋಡೆಯ ಕಷ್ಟ ಬೇರೆ. ಸ್ವಿಚ್ ಹತ್ತಿರ ದಿನಕ್ಕೆ ಹತ್ತು ಸಲ ಕೈ ತಾಗುತ್ತದೆ, ಕುರ್ಚಿಯ ಬೆನ್ನು ಉಜ್ಜುತ್ತದೆ, ಮಕ್ಕಳು ಗೀಚುತ್ತಾರೆ, ನಾವು ಒದ್ದೆ ಬಟ್ಟೆ ಹಿಡಿದು ತಿಕ್ಕುತ್ತೇವೆ. ಇದಕ್ಕೆಲ್ಲ ಗಡುಸಾದ ಪದರ ಬೇಕು. ಮೆತ್ತನೆಯ ಪೇಂಟ್ ಇಲ್ಲಿ ಬೇಗ ಗೀರು ಬೀಳುತ್ತದೆ, ಕೊಳೆಯನ್ನೂ ಹಿಡಿದುಕೊಳ್ಳುತ್ತದೆ.

ನಾನೇ ಒಮ್ಮೆ ಇದೇ ಕೆಲಸ ಮಾಡಿ ಅನುಭವಿಸಿದ್ದೇನೆ. ಓದುವ ಕೋಣೆಯ ಒಂದು ಗೋಡೆಗೆ ಉಳಿದ ಹೊರಗಿನ ಪೇಂಟ್ ಬಳಿದು, ವಾರ ಬಿಟ್ಟು ಪುಸ್ತಕದ ಕಪಾಟನ್ನು ಅದಕ್ಕೆ ಒತ್ತಿ ನಿಲ್ಲಿಸಿದ್ದೆ. ಕೆಲವು ತಿಂಗಳಾದ ಮೇಲೆ ಸರಿಸಲು ಹೋದರೆ ಚರ್ರ್ ಅಂತ ಸದ್ದು. ಅಂಗೈ ಅಗಲದ ಪೇಂಟ್ ಕಪಾಟಿನ ಅಂಚಿಗೇ ಅಂಟಿಕೊಂಡು ಬಂತು. ಕೈಯಲ್ಲಿ ಹಿಡಿದು ಎಳೆದರೆ ರಬ್ಬರ್ ಹಾಗೆ ಹಿಗ್ಗುತ್ತಿತ್ತು. ಹೊರಗಡೆ ಅದನ್ನು ಕಾಪಾಡುವ ಗುಣವೇ ಒಳಗೆ ಕೈಕೊಟ್ಟಿತ್ತು.

ಇನ್ನು ರಾಸಾಯನಿಕ. ನನಗೆ ಗೀರು, ಕೊಳೆಗಿಂತ ಜಾಸ್ತಿ ಚಿಂತೆ ಇದರದ್ದೇ. ಹೊರಗೋಡೆಯಲ್ಲಿ ಪಾಚಿ, ಬೂಷ್ಟು ಹಿಡಿಯದಿರಲಿ ಅಂತ ಅವನ್ನು ಕೊಲ್ಲುವ ಔಷಧವನ್ನು ಪೇಂಟ್‌ಗೆ ಬೆರೆಸಿರುತ್ತಾರೆ. ಅದು ಪದರದಿಂದ ನಿಧಾನಕ್ಕೆ ಹೊರಗೆ ಬರುತ್ತಲೇ ಇರುತ್ತದೆ, ಬಂದರೇ ಅದರ ಕೆಲಸ ಆಗುವುದು. ಹೊರಗಾದರೆ ಗಾಳಿ ಮಳೆಗೆ ಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ಎಲ್ಲಿಗೆ ಹೋಗಬೇಕು? ಗಾಳಿಗೆ ಆವಿಯಾಗುವ ವಿಒಸಿ ಅನ್ನುವ ರಾಸಾಯನಿಕಗಳೂ ಹೊರಗಿನ ಪೇಂಟ್‌ನಲ್ಲಿ ಸಾಮಾನ್ಯವಾಗಿ ಜಾಸ್ತಿ. ತಲೆನೋವು, ಕಣ್ಣುರಿ ಬರಬಹುದು, ಉಬ್ಬಸ ಇರುವವರಿಗೆ ಇನ್ನೂ ಕಷ್ಟ. ಈಗ ವಿಒಸಿ ಕಡಿಮೆ ಇರುವ ಹೊರಗಿನ ಪೇಂಟೂ ಬಂದಿವೆ, ನಿಜ, ಆದರೆ ಬೂಷ್ಟಿನ ಔಷಧ ಅದರಲ್ಲೂ ಇರುತ್ತದೆ. ವಾಸನೆ ಹೋಯಿತು ಅಂದ ಮಾತ್ರಕ್ಕೆ ಎಲ್ಲ ಹೋಯಿತು ಅಂತಲೂ ತಿಳಿಯಬೇಡಿ. ಪೇಂಟ್ ಮುಟ್ಟಿದರೆ ಅಂಟದಷ್ಟು ಒಣಗಲು ಒಂದೆರಡು ಗಂಟೆ ಸಾಕು, ಪೂರ್ತಿ ಗಟ್ಟಿಯಾಗಲು ಎರಡರಿಂದ ನಾಲ್ಕು ವಾರ ಬೇಕು.

ಬಣ್ಣ ಇಷ್ಟವಾಗಿದ್ದರೆ ದಾರಿ ಸುಲಭ. ಡಬ್ಬದ ಮುಚ್ಚಳದ ಮೇಲೆ ಶೇಡ್ ನಂಬರ್ ಇರುತ್ತದೆ. ಆ ನಂಬರ್ ಕೊಟ್ಟು, ಒಳಗಿನ ಪೇಂಟ್‌ನಲ್ಲಿ ಅದೇ ಶೇಡ್ ಮಿಕ್ಸ್ ಮಾಡಿಸಿಕೊಳ್ಳಿ. ಉಳಿದ 8 ಲೀಟರನ್ನು ಮುಚ್ಚಳ ಬಿಗಿಯಾಗಿ ಬಡಿದು, ಬಿಸಿಲು ಬೀಳದ ಕಡೆ ಇಡಿ. ಹೊರಗೋಡೆಯಲ್ಲಿ ಎಲ್ಲಾದರೂ ಚಕ್ಕೆ ಎದ್ದರೆ ಅದೇ ಬೇಕಾಗುತ್ತದೆ. ಮುಂದೆ ತೆಗೆದಾಗ ಕೊಳೆತ ವಾಸನೆ ಬಂದರೆ, ಅಥವಾ ಕಲಸಿದರೂ ಗಂಟು ಕರಗದಿದ್ದರೆ ಬಳಸಬೇಡಿ.

ಪ್ರಶ್ನೆ: ಉಲ್ಟಾ ಮಾಡಿದರೆ? ಒಳಗಿನ ಪೇಂಟನ್ನೇ ಕಾಂಪೌಂಡ್ ಗೋಡೆಗೆ ಹೊಡೆಸಿದ್ದೇವೆ. ಈಗ ಒರಗಿದರೆ ಬಟ್ಟೆಗೆ ಬಣ್ಣ ಹತ್ತುತ್ತಿದೆ.

ಉತ್ತರ: ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಆ ಅಂಟನ್ನು ತಿಂದುಹಾಕಿದೆ. ಅಂಟು ಹೋದ ಮೇಲೆ ಬಣ್ಣದ ಪುಡಿ ಸುಮ್ನೆ ಗೋಡೆ ಮೇಲೆ ಕೂತಿರುತ್ತದೆ. ಅಂಗೈಯಿಂದ ಒಮ್ಮೆ ಸವರಿ ನೋಡಿ, ಸೀಮೆಸುಣ್ಣದ ಪುಡಿಯ ಹಾಗೆ ಹತ್ತಿದರೆ ಅದೇ. ಆ ಪುಡಿಯ ಮೇಲೆ ಹೊಸ ಪೇಂಟ್ ಹೊಡೆದರೆ ಅದೂ ಪುಡಿಯ ಸಮೇತ ಕಳಚಿಕೊಳ್ಳುತ್ತದೆ. ಬ್ರಷ್ ಹಾಕಿ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ, ಪ್ರೈಮರ್ ಒಂದು ಕೋಟ್ ಕೊಟ್ಟ ಮೇಲೆ ಹೊರಗಿನ ಪೇಂಟ್ ಹೊಡೆಸಿ. ಶೇಡ್ ಆರಿಸುವಾಗ ಒಂದು ಮಾತು: ಎದ್ದು ಕಾಣುವ ಕೆಂಪು, ಹಳದಿಗಳಲ್ಲಿ ಹಲವು ಬಿಸಿಲಿಗೆ ಬೇಗ ಮಂಕಾಗುತ್ತವೆ. ಕೆಮ್ಮಣ್ಣು, ಕಂದು, ಮಣ್ಣಿನ ಹಳದಿಯಂಥವು ಕಬ್ಬಿಣದ ಆಕ್ಸೈಡಿನಿಂದ ಬರುವ ಬಣ್ಣಗಳು, ಅವು ಬಹಳ ಕಾಲ ನಿಲ್ಲುತ್ತವೆ.

ಪ್ರಶ್ನೆ: ಬಾಲ್ಕನಿ ಗೋಡೆಗೆ ಯಾವುದು? ಮೇಲೆ ಚಾವಣಿ ಇದೆ.

ಉತ್ತರ: ಹೊರಗಿನದ್ದೇ. ಚಾವಣಿ ಇದ್ದರೂ ಇರಚಲು ಹೊಡೆಯುತ್ತದೆ, ಬಿಸಿಲೂ ಓರೆಯಾಗಿ ಬಂದೇ ಬರುತ್ತದೆ.

ಪ್ರಶ್ನೆ: ಮಲಗುವ ಕೋಣೆಯ ಒಂದು ಗೋಡೆ ಯಾವಾಗಲೂ ತೇವ. ಪೇಂಟ್ ಉಬ್ಬಿ ಚಕ್ಕೆ ಏಳುತ್ತದೆ, ಹಿಂದೆ ಬಿಳಿ ಪುಡಿ. ಒಳಗಡೆಯಿಂದ ಹೊರಗಿನ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ನಿಲ್ಲುತ್ತದೆಯಾ?

ಉತ್ತರ: ನಿಲ್ಲುವುದಿಲ್ಲ. ನೀರು ಗೋಡೆಯ ಆ ಕಡೆಯಿಂದ ಬರುತ್ತಿದ್ದರೆ ನೀವು ಈ ಕಡೆ ಬಾಗಿಲು ಹಾಕಿದ ಹಾಗಾಗುತ್ತದೆ, ಆ ನೀರು ಪೇಂಟನ್ನೇ ತಳ್ಳಿ ಉಬ್ಬಿಸುತ್ತದೆ. ಬಿಳಿ ಪುಡಿ ಅಂದರೆ ಇಟ್ಟಿಗೆ, ಗಾರೆಯೊಳಗಿನ ಉಪ್ಪು. ನೀರಲ್ಲಿ ಕರಗಿ ಮೇಲೆ ಬಂದು, ನೀರು ಆರಿದಾಗ ಅಲ್ಲೇ ಉಳಿಯುತ್ತದೆ.

ಮೊದಲು ಇದನ್ನು ಮಾಡಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕೂತಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಕೋಣೆಯ ಕಡೆಯ ಮೈ ಮೇಲೆ ಹನಿ ಇದ್ದರೆ ಕೋಣೆಯ ಗಾಳಿಯಲ್ಲೇ ತೇವ ಜಾಸ್ತಿ, ಕಿಟಕಿ ತೆಗೆದು ಗಾಳಿ ಆಡಲು ಬಿಡಬೇಕು. ಗೋಡೆಯೊಳಗಿಂದ ಬರುತ್ತಿದ್ದರೆ ಪೈಪ್, ಹೊರಗೋಡೆಯ ಬಿರುಕು, ತಾರಸಿಯ ನೀರು ಹೋಗುವ ದಾರಿ, ಇವನ್ನು ಸರಿಮಾಡಿಸದೆ ಬ್ರಷ್ ಮುಟ್ಟಬೇಡಿ.

ಸರಿಯಾಗಿ ಒಣಗಿದ ಮೇಲೆ ಉಪ್ಪನ್ನು ಒಣ ಬ್ರಷ್‌ನಿಂದಲೇ ಉದುರಿಸಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಗೋಡೆಗೇ ಇಳಿಯುತ್ತದೆ. ಹಳೆಯ ಮನೆಯಾದರೆ ಹಳೆಯ ಪೇಂಟಿನಲ್ಲಿ ಸೀಸ ಇರಬಹುದು, ಅದನ್ನು ಒಣಗಿದ್ದಾಗ ಉಜ್ಜಿ ಧೂಳು ಎಬ್ಬಿಸಬೇಡಿ. ಸ್ವಲ್ಪ ನೀರು ಚಿಮುಕಿಸಿಕೊಂಡು ಕೆರೆಯಿರಿ, ಮಾಸ್ಕ್ ಹಾಕಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ಆಮೇಲೆ ಕ್ಷಾರ ತಡೆಯುವ ಪ್ರೈಮರ್, ಅದರ ಮೇಲೆ ಒಳಗಿನ ಪೇಂಟ್ ಎರಡು ಕೋಟ್.