ಕಾರಿನೊಳಗಿನ ದೀಪಕ್ಕೆ ಎಲ್‌ಇಡಿ: ನೀವು ಕೇಳಿದ್ದು, ನಾವು ಹೇಳಿದ್ದು

ಕಾರಿನ ಒಳದೀಪಗಳನ್ನು ಮನೆಯಲ್ಲೇ ಎಲ್‌ಇಡಿಗೆ ಬದಲಿಸಿಕೊಳ್ಳುವ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೆಟ್ಟುಹೋದ ಕೆಲಸಗಳನ್ನು ನೋಡಿದರೆ ಹೆಚ್ಚಿನವಕ್ಕೆ ಕಾರಣ ಎರಡೇ. ದೀಪ ಆರಿದ್ದರೂ ಹೋಲ್ಡರಿನಲ್ಲಿ ಕರೆಂಟು ಇರುತ್ತದೆ ಎನ್ನುವುದು ಮರೆತಿರುತ್ತದೆ. ಇಲ್ಲವೇ, ಕಾರಿನ 12 ವೋಲ್ಟ್ ಅಂದರೆ ಬರೀ 12 ಅಂತಲೇ ನಂಬಿರುತ್ತಾರೆ.

ನಮ್ಮದು ಹಳೆಯ ಸಣ್ಣ ಕಾರು. ಚಾವಣಿ ದೀಪ ಮಂಕಾಗಿದೆ, ರಾತ್ರಿ ಕೆಳಗೆ ಬಿದ್ದ ಕೀಲಿ ಕೂಡ ಕಾಣಲ್ಲ. ಎಲ್‌ಇಡಿ ಹಾಕಲು ಮೆಕ್ಯಾನಿಕ್ ಬೇಕೇ? ಯಾವ ಬಲ್ಬ್ ತರಬೇಕು?
— ನಿಟ್ಟುವಳ್ಳಿ, ದಾವಣಗೆರೆ

ಮೆಕ್ಯಾನಿಕ್ ಬೇಡ. ಆದರೆ ಅಂಗಡಿಗೆ ಹೋಗಿ ‘ಇಂಥ ಕಾರಿಗೆ ಒಂದು ಎಲ್‌ಇಡಿ ಕೊಡಿ’ ಅನ್ನಬೇಡಿ. ಹಳೆಯ ಬಲ್ಬ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಒಂದೇ ಕಾರಿನ ಬೇರೆ ಬೇರೆ ವರ್ಷದ ಮಾದರಿಗಳಲ್ಲೂ ಬಲ್ಬ್ ಬದಲಾಗಿರುತ್ತದೆ.

ಒಳಗೆ ಸಾಮಾನ್ಯವಾಗಿ ಎರಡು ಜಾತಿ ಸಿಗುತ್ತವೆ. ಎರಡೂ ತುದಿಗೆ ಲೋಹದ ಟೋಪಿ ಇರುವ ಉದ್ದನೆಯ ಗಾಜಿನ ಕೊಳವೆ ಫೆಸ್ಟೂನ್. ಚಾವಣಿಯಲ್ಲಿ, ಡಿಕ್ಕಿಯಲ್ಲಿ ಹೆಚ್ಚಾಗಿ ಇದೇ ಇರುತ್ತದೆ. ಇದರ ಉದ್ದ 31, 36, 39, 41 ಮಿಲಿಮೀಟರ್ ಹೀಗೆ ಬರುತ್ತದೆ, ಸ್ಕೇಲ್ ಇಟ್ಟು ತುದಿಯಿಂದ ತುದಿಗೆ ಅಳೆಯಿರಿ. ಇನ್ನೊಂದು, ಬುಡದಲ್ಲಿ ಚಪ್ಪಟೆ ಗಾಜಿದ್ದು ಅದರ ಮೇಲೆ ತೆಳು ತಂತಿ ಮಡಚಿರುವುದು. ಅಂಗಡಿಯಲ್ಲಿ ಟಿ10 ಅಂದರೆ ಕೊಡುತ್ತಾರೆ. ಮ್ಯಾಪ್ ಲೈಟ್ (ಮುಂದಿನ ಸೀಟಿನವರ ತಲೆ ಮೇಲಿನ ಓದುವ ದೀಪ), ಗ್ಲೋವ್ ಬಾಕ್ಸ್‌ಗಳಲ್ಲಿ ಇದು ಸಾಮಾನ್ಯ. ಕಾರಿನ ಜೊತೆ ಬಂದ ಪುಸ್ತಕದ ಕೊನೆಯಲ್ಲಿ ಬಲ್ಬುಗಳ ವ್ಯಾಟ್ ಪಟ್ಟಿಯೂ ಇರುತ್ತದೆ, ತೆಗೆದು ನೋಡುವವರು ಕಡಿಮೆ ಅಷ್ಟೇ.

ಕೆಲಸ ಶುರು ಮಾಡುವ ಮುಂಚೆ ದೀಪದ ಫ್ಯೂಸ್ ಕೀಳಿ. ಸ್ಟೀರಿಂಗ್ ಕೆಳಗಿನ ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ನಕ್ಷೆ ಇರುತ್ತದೆ. ‘ರೂಮ್’ ಅಥವಾ ‘ಡೋಮ್’ ಎಂದು ಇಂಗ್ಲಿಷಿನಲ್ಲಿ ಬರೆದಿರುವುದೇ ಅದು. ದೀಪ ಉರಿಯುತ್ತಿದ್ದರೆ ಐದು ನಿಮಿಷ ಆರಲು ಬಿಡಿ, 5 ವ್ಯಾಟಿನ ಬಲ್ಬ್ ಕೂಡ ಬೆರಳು ಸುಡುತ್ತದೆ. ಆಮೇಲೆ ದೀಪದ ಪ್ಲಾಸ್ಟಿಕ್ ಮುಚ್ಚಳ. ಅಂಚಿನಲ್ಲಿ ಎಲ್ಲೋ ಒಂದು ಕಡೆ ಉಗುರು ಹಿಡಿಸುವಷ್ಟು ಚಿಕ್ಕ ಕಚ್ಚು ಇರುತ್ತದೆ, ಅಲ್ಲಿ ಹಳೆಯ ಎಟಿಎಂ ಕಾರ್ಡ್ ತೂರಿಸಿ ಮೀಟಿ. ಸ್ಕ್ರೂಡ್ರೈವರ್ ಹಾಕಿದರೆ ಚಾವಣಿ ಬಟ್ಟೆಗೆ ಗೀರು ಗ್ಯಾರಂಟಿ. ವರ್ಷಗಟ್ಟಲೆ ಬಿಸಿಲುಂಡ ಪ್ಲಾಸ್ಟಿಕ್ ಲಟಕ್ಕನೆ ಮುರಿಯುತ್ತದೆ; ಒಂದೇ ಕಡೆ ಬಲ ಹಾಕದೆ ಸುತ್ತ ಸ್ವಲ್ಪ ಸ್ವಲ್ಪವೇ ಬಿಡಿಸಿ. ಬಾರದೇ ಇದ್ದರೆ ಒಳಗೆಲ್ಲೋ ಸ್ಕ್ರೂ ಇದೆ ಎಂದರ್ಥ.

ಫೆಸ್ಟೂನ್ ಬಲ್ಬಿನ ಗಾಜನ್ನು ನಡುವೆ ಹಿಡಿದು ಎಳೆಯಬೇಡಿ. ಒಂದು ಬದಿಯ ಹಿತ್ತಾಳೆ ಕ್ಲಿಪ್ಪನ್ನು ಬೆರಳಿನಿಂದ ಹಿಂದಕ್ಕೆ ಒತ್ತಿದರೆ ಬಲ್ಬ್ ತಾನಾಗಿ ಈಚೆ ಬರುತ್ತದೆ. ಎಲ್‌ಇಡಿ ಕೂರಿಸಿ, ಮುಚ್ಚಳ ಹಾಕುವ ಮೊದಲೇ ಫ್ಯೂಸ್ ಹಾಕಿ ಬಾಗಿಲು ತೆರೆದು ನೋಡಿ. ಹತ್ತಲಿಲ್ಲವೇ? ಹಾಳಾಗಿದೆ ಅಂತ ಅಂಗಡಿಗೆ ಓಡಬೇಡಿ. ಎಲ್‌ಇಡಿಯಲ್ಲಿ ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತದೆ. ಫ್ಯೂಸ್ ತೆಗೆದು, ಬಲ್ಬನ್ನು ತಿರುಗಿಸಿ ಹಾಕಿದರೆ ಹತ್ತುತ್ತದೆ. ಟಿ10 ಆದರೆ 180 ಡಿಗ್ರಿ ತಿರುಗಿಸಿ ಒತ್ತಬೇಕು. ಅದು ಸಡಿಲ ಅನ್ನಿಸಿದರೆ ತಂತಿಯ ಕಾಲುಗಳನ್ನು ಚೂರು ಹೊರಕ್ಕೆ ಬಾಗಿಸಿ. ಎರಡು ಬದಿಯ ಕಾಲುಗಳು ಒಂದಕ್ಕೊಂದು ತಾಗಿದರೆ ಮಾತ್ರ ಶಾರ್ಟ್.

ಚಾವಣಿ ಬಲ್ಬನ್ನು ಸ್ಕ್ರೂಡ್ರೈವರಿನಿಂದ ತೆಗೆಯುವಾಗ ‘ಚಟ್’ ಅಂತು. ಈಗ ದೀಪ ಇಲ್ಲ, ಸ್ಟೀರಿಯೋ ಗಡಿಯಾರವೂ ಇಲ್ಲ. ದೀಪ ಆಫ್ ಮಾಡಿಯೇ ಕೈ ಹಾಕಿದ್ದೆ.
— ಹರಿಹರ

ಆಫ್ ಮಾಡಿದರೆ ಕರೆಂಟು ಹೋಯಿತು ಅನ್ನುವುದು ಮನೆಯ ವೈರಿಂಗಿನ ಲೆಕ್ಕ. ಬಹಳಷ್ಟು ಕಾರುಗಳಲ್ಲಿ ಬಾಗಿಲಿನ ಸ್ವಿಚ್ ಇರುವುದು ಅರ್ಥ್ ಕಡೆ. ಅಂದರೆ ಪ್ಲಸ್ ತಂತಿ ಸದಾ ಜೀವಂತ, ಬಾಗಿಲು ತೆರೆದಾಗ ಮೈನಸ್ ಸೇರಿ ದೀಪ ಹತ್ತುತ್ತದೆ. ನಿಮ್ಮ ಸ್ಕ್ರೂಡ್ರೈವರ್ ಪ್ಲಸ್ ಕ್ಲಿಪ್ಪಿಗೂ ಪಕ್ಕದ ಅರ್ಥ್ ತಗಡಿಗೂ ಒಟ್ಟಿಗೆ ತಾಗಿ ಫ್ಯೂಸ್ ಹೋಗಿದೆ. ಸ್ಟೀರಿಯೋದ ನೆನಪಿನ ಲೈನ್, ಕೆಲವು ಕಾರಿನಲ್ಲಿ ಸೆಂಟ್ರಲ್ ಲಾಕ್ ಕೂಡ ಅದೇ ಫ್ಯೂಸಿನಿಂದ ಹೋಗುವುದರಿಂದ ಎಲ್ಲವೂ ಒಟ್ಟಿಗೆ ಸತ್ತಂತೆ ಕಾಣುತ್ತದೆ. ಗಾಬರಿ ಬೇಡ.

ಅದೇ ಆಂಪಿಯರಿನ ಫ್ಯೂಸ್ ಹಾಕಿ: 10 ಆಂಪ್ ಕೆಂಪು, 15 ನೀಲಿ, 20 ಹಳದಿ. ಕೆಂಪು ಸಿಗಲಿಲ್ಲವೆಂದು ಹಳದಿ ಹಾಕುವುದು, ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತುವುದು ಎರಡೂ ಬೇಡ. ಮುಂದಿನ ಸಲ ಶಾರ್ಟ್ ಆದರೆ ಫ್ಯೂಸಿನ ಬದಲು ಚಾವಣಿಯೊಳಗಿನ ವೈರ್ ಸುಡುತ್ತದೆ.

ಎಲ್‌ಇಡಿ ಹಾಕಿದ ಮೇಲೆ ಬಾಗಿಲು ಮುಚ್ಚಿ ಲಾಕ್ ಮಾಡಿದರೂ ದೀಪ ಮಿಣಮಿಣ ಅನ್ನುತ್ತಲೇ ಇರುತ್ತದೆ. ಹಳೆಯ ಬಲ್ಬ್ ಪೂರ್ತಿ ಆರುತ್ತಿತ್ತು. ಅಂಗಡಿಯವರು ಎರಡು ಸಲ ಬದಲಿಸಿಕೊಟ್ಟರೂ ಅದೇ ಕಥೆ.
— ಹೊಳಲ್ಕೆರೆ

ಮೂರನೆಯದು ತಂದರೂ ಅದೇ ಕಥೆ, ಏಕೆಂದರೆ ದೋಷ ಬಲ್ಬಿನದ್ದಲ್ಲ. ದೀಪದ ಲೈನಿನಲ್ಲಿ ಮೊದಲಿನಿಂದಲೂ ಒಂದೆರಡು ಮಿಲಿಆಂಪ್ ಕರೆಂಟು ಸೋರುತ್ತಿತ್ತು. ಹಳೆಯ ಬಲ್ಬ್ ಹತ್ತಲು ಸುಮಾರು 400 ಮಿಲಿಆಂಪ್ ಬೇಕು, ಆದ್ದರಿಂದ ಸೋರಿಕೆ ಕಣ್ಣಿಗೆ ಬೀಳಲಿಲ್ಲ. ಎಲ್‌ಇಡಿ ಒಂದು ಮಿಲಿಆಂಪಿಗೂ ಮಿನುಗುತ್ತದೆ.

ಸೋರಿಕೆ ಎಲ್ಲಿಂದ? ಹೊಸ ಕಾರಾದರೆ ದೀಪವನ್ನು ನಿಧಾನಕ್ಕೆ ಆರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಿಂದ. ಅದು ಅದರ ಸ್ವಭಾವ, ರಿಪೇರಿ ಇಲ್ಲ. ಹಳೆಯ ಕಾರಾದರೆ ಮೊದಲು ಬಾಗಿಲಿನ ಕಂಬದಲ್ಲಿರುವ ಗುಂಡಿ ಸ್ವಿಚ್ಚನ್ನು ಶಂಕಿಸಿ. ನಿಮ್ಮ ಕಡೆ ಭೀಮಸಮುದ್ರದ ಅದಿರು ಲಾರಿಗಳ ಹಿಂದೆ ಓಡಾಡುವ ಕಾರುಗಳಲ್ಲಿ ಆ ಸ್ವಿಚ್ಚಿನ ರಬ್ಬರಿನೊಳಗೆ ಕೆಂಪು ಧೂಳು ಅಂಟಿಕೊಂಡಿರುತ್ತದೆ. ಮಳೆಗಾಲದ ತೇವ ಸೇರಿತೆಂದರೆ ಅದೇ ಕರೆಂಟಿಗೆ ದಾರಿ. ಒಂದು ಸ್ಕ್ರೂ ಬಿಚ್ಚಿ ಈಚೆ ಎಳೆದು, ತಂತಿ ಒಳಗೆ ಜಾರದಂತೆ ಹಿಡಿದುಕೊಂಡು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಅನೇಕ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಆಗದಿದ್ದರೆ 1 ಕಿಲೋ ಓಮ್, ಅರ್ಧ ವ್ಯಾಟಿನ ರೆಸಿಸ್ಟರ್ ಒಂದನ್ನು ಬಲ್ಬಿಗೆ ಸಮಾನಾಂತರವಾಗಿ ಹೋಲ್ಡರಿನ ಎರಡು ಕ್ಲಿಪ್ಪುಗಳ ಹಿಂಬದಿಗೆ ಬೆಸುಗೆ ಹಾಕಿ. ಸೋರುವ 2 ಮಿಲಿಆಂಪ್ ಅದರಲ್ಲಿ ಹರಿದರೆ ಬಲ್ಬಿಗೆ ಸಿಗುವುದು 2 ವೋಲ್ಟ್ ಮಾತ್ರ. ಒಳಗೆ ಮೂರು ಎಲ್‌ಇಡಿ ಸಾಲಾಗಿರುವ ಬಲ್ಬ್ ಮಿನುಗಲು 8 ವೋಲ್ಟಿನ ಹತ್ತಿರ ಬೇಕು. ದೀಪ ಹತ್ತಿದಾಗ ರೆಸಿಸ್ಟರ್ ತಿನ್ನುವುದು 0.2 ವ್ಯಾಟ್, ಬರೀ ಬೆಚ್ಚಗಾಗುತ್ತದೆ. ಬೆಸುಗೆ ಬಾರದವರಿಗೆ ಇನ್ನೊಂದು ದಾರಿ: ಮುಂದಿನ, ಹಿಂದಿನ ದೀಪಗಳು ಒಟ್ಟಿಗೇ ಹತ್ತಿ ಆರುವ ಕಾರಾದರೆ ಒಂದರಲ್ಲಿ ಹಳೆಯ ಬಲ್ಬನ್ನೇ ಉಳಿಸಿ. ಸೋರಿಕೆಯನ್ನೆಲ್ಲ ಅದೇ ನುಂಗುತ್ತದೆ.

ಅಳತೆ ನೋಡಿಯೇ 36 ಮಿ.ಮೀ. ತಂದೆ. ಹಳ್ಳಿ ರಸ್ತೆಗೆ ಇಳಿದರೆ ಬಲ್ಬ್ ಕಳಚಿ ಮುಚ್ಚಳದಲ್ಲಿ ಬೀಳುತ್ತದೆ. ಬೆಳಕೂ ಒಂದೇ ಕಡೆ.
— ಚನ್ನಗಿರಿ

ಅಗ್ಗದ ಎಲ್‌ಇಡಿಗಳಲ್ಲಿ ಉದ್ದ ಒಂದು ಮಿಲಿಮೀಟರ್ ಆಚೀಚೆ ಇರುವುದು ಮಾಮೂಲು. ಫ್ಯೂಸ್ ಕಿತ್ತು, ಬಲ್ಬ್ ತೆಗೆದು, ಎರಡೂ ಕ್ಲಿಪ್ಪನ್ನು ಇಕ್ಕಳದಿಂದ ಒಳಕ್ಕೆ ಬಾಗಿಸಿ ಬಿಗಿ ಮಾಡಿ. ಬಲ್ಬಿನ ಬೆನ್ನಿಗೆ ದಪ್ಪ ಅಲ್ಯೂಮಿನಿಯಂ ಇದ್ದರೆ ಮುಚ್ಚಳ ಅದನ್ನು ಒತ್ತುತ್ತಿದೆಯೇ ನೋಡಿ, ಒತ್ತಿದರೂ ಕಳಚುತ್ತದೆ. ಬೆಳಕಿನ ವಿಷಯ: ಹಳೆಯ ಬಲ್ಬ್ ಸುತ್ತಲೂ ಬೆಳಗುತ್ತಿತ್ತು, ಎಲ್‌ಇಡಿ ಚಿಪ್ ಇರುವ ಮುಖ ಮಾತ್ರ ಬೆಳಗುತ್ತದೆ. ಚಿಪ್ ನೇರ ಕೆಳಗೆ ನೋಡುವಂತೆ ಹೊರಳಿಸಿ ಕೂರಿಸಿ. ಮ್ಯಾಪ್ ಲೈಟಿನಲ್ಲಿ ಟಿ10 ಅಡ್ಡ ಮಲಗಿರುವುದರಿಂದ ತುದಿಯಲ್ಲಷ್ಟೇ ಚಿಪ್ ಇರುವುದು ಬೇಡ, ಪಕ್ಕದಲ್ಲೂ ಚಿಪ್ ಇರುವುದನ್ನು ಕೇಳಿ ತನ್ನಿ.

ಟಿಪ್ಪರ್ ಕ್ಯಾಬಿನ್ನಿಗೆ ಕಾರಿನ ಎಲ್‌ಇಡಿ ಹಾಕಿದರೆ ತಕ್ಷಣ ಸುಟ್ಟಿತು. ಎರಡನ್ನು ಸಾಲಾಗಿ ಜೋಡಿಸಿದರೆ ಆಗುತ್ತದೆ ಅಂತಾರೆ. ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆಯಿರಿ ಅಂತಲೂ ಅಂತಾರೆ. ಯಾವುದು ಸರಿ?
— ಹಿರಿಯೂರು

ಎರಡೂ ತಪ್ಪು. ನಿಮ್ಮ ಗಾಡಿ 12ರ ಎರಡು ಬ್ಯಾಟರಿ ಸಾಲಾಗಿ ಸೇರಿದ 24 ವೋಲ್ಟಿನದು, ಎಂಜಿನ್ ಓಡುವಾಗ 28ಕ್ಕೆ ಹೋಗುತ್ತದೆ. ಎರಡು ಎಲ್‌ಇಡಿ ಸಾಲಾಗಿ ಹಾಕಿದರೆ ವೋಲ್ಟೇಜ್ ಸಮನಾಗಿ ಹಂಚಿಕೆಯಾಗುವ ಭರವಸೆ ಇಲ್ಲ. ಒಂದಕ್ಕೆ 10, ಇನ್ನೊಂದಕ್ಕೆ 18 ಬಿದ್ದು ಎರಡನೆಯದು ಹೋಗುತ್ತದೆ, ಮೊದಲನೆಯದೂ ಕತ್ತಲಾಗುತ್ತದೆ.

ಒಂದೇ ಬ್ಯಾಟರಿಯಿಂದ ಎಳೆಯುವುದು ಇನ್ನೂ ದುಬಾರಿ. ಆಲ್ಟರ್ನೇಟರ್ ಎರಡೂ ಬ್ಯಾಟರಿಯನ್ನು ಒಂದೇ ಸಾಲಿನಲ್ಲಿ ಚಾರ್ಜ್ ಮಾಡುತ್ತದೆ. ದಿನಾ ದೀಪ, ಟೇಪ್, ಫ್ಯಾನಿಗೆ ಕರೆಂಟು ಕೊಟ್ಟ ಬ್ಯಾಟರಿ ಎಂದೂ ತುಂಬುವುದಿಲ್ಲ, ಪಕ್ಕದ್ದು ಅಳತೆ ಮೀರಿ ತುಂಬಿ ನೀರು ಕುದಿಸುತ್ತದೆ. ಕೊನೆಗೆ ಎರಡೂ ಬೇಗ ಸಾಯುತ್ತವೆ. ದೀಪಕ್ಕಷ್ಟೇ ಆದರೆ ‘10–30 ವೋಲ್ಟ್’ ಎಂದು ನಮೂದಿಸಿದ ಎಲ್‌ಇಡಿ ತನ್ನಿ. ಬೇರೆ 12 ವೋಲ್ಟ್ ಸಾಮಾನೂ ಇದ್ದರೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ.

ಡ್ಯಾಶ್‌ಬೋರ್ಡ್ ಕೆಳಗೆ ಕಾಲಿನ ಬಳಿ ಎಲ್‌ಇಡಿ ಪಟ್ಟಿ ಅಂಟಿಸಿದ್ದೆ, ಮನೆ ಶೋಕೇಸಿಗೆ ಹಾಕಿ ಉಳಿದಿದ್ದ 12 ವೋಲ್ಟಿನದು. ಕೆಲವೇ ತಿಂಗಳಲ್ಲಿ ಮೂರು ಮೂರು ಎಲ್‌ಇಡಿ ಆರುತ್ತಾ ಬಂತು.
— ವಿದ್ಯಾನಗರ, ದಾವಣಗೆರೆ

ಮೂರು ಮೂರೇ ಆರಿದ್ದರಲ್ಲೇ ಉತ್ತರವಿದೆ. ಸಾಮಾನ್ಯ ಬಿಳಿ ಪಟ್ಟಿಯಲ್ಲಿ ಮೂರು ಎಲ್‌ಇಡಿ ಮತ್ತು ಒಂದು ರೆಸಿಸ್ಟರ್, ಹೆಚ್ಚಾಗಿ 150 ಓಮ್, ಸೇರಿ ಒಂದು ತುಂಡು. ಮೂರು ಎಲ್‌ಇಡಿ 9.6 ವೋಲ್ಟ್ ತೆಗೆದುಕೊಂಡರೆ 12ರಲ್ಲಿ ರೆಸಿಸ್ಟರಿಗೆ ಉಳಿಯುವುದು 2.4, ಕರೆಂಟು 16 ಮಿಲಿಆಂಪ್. ಎಂಜಿನ್ ಓಡುವಾಗ ಕಾರಿನಲ್ಲಿ 14.4 ವೋಲ್ಟ್. ರೆಸಿಸ್ಟರಿಗೆ 4.8 ಉಳಿಯಿತು, ಕರೆಂಟು ಹೆಚ್ಚುಕಡಿಮೆ ಇಮ್ಮಡಿ. ವೋಲ್ಟೇಜ್ ಏರಿದ್ದು ನೂರಕ್ಕೆ ಇಪ್ಪತ್ತು, ಎಲ್‌ಇಡಿ ಹೊತ್ತದ್ದು ದುಪ್ಪಟ್ಟು. ಜೊತೆಗೆ ಏಪ್ರಿಲ್ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಕಾವು. ಬಾಳುವುದು ಹೇಗೆ?

ವಾಹನಕ್ಕೆಂದೇ ಮಾಡಿದ ಪಟ್ಟಿ ತನ್ನಿ. ಇದೇ ಪಟ್ಟಿ ಬೇಕೆಂದರೆ ನಡುವೆ ಎಲ್‌ಎಂ2940 ಎಂಬ, ವೋಲ್ಟೇಜನ್ನು 12 ದಾಟದಂತೆ ಹಿಡಿದಿಡುವ ರೆಗ್ಯುಲೇಟರ್ ಹಾಕಿ. ಒಳಬದಿಗೆ 0.47, ಹೊರಬದಿಗೆ 22 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕು. ಹೊರಬದಿಯದನ್ನು ಬಿಟ್ಟರೆ ವೋಲ್ಟೇಜ್ ಸ್ಥಿರವಾಗಿ ನಿಲ್ಲುವುದಿಲ್ಲ. ಅಗ್ಗವೆಂದು 7812 ಎಂಬ ರೆಗ್ಯುಲೇಟರ್ ತರಬೇಡಿ, ಅದಕ್ಕೆ ಒಳಗೆ 14 ವೋಲ್ಟಾದರೂ ಬೇಕು, ಎಂಜಿನ್ ನಿಂತರೆ ದೀಪ ಮಂಕು. ಮೀಟರಿಗೆ 60 ಸಣ್ಣ ಎಲ್‌ಇಡಿ ಇರುವ ಪಟ್ಟಿ 4.8 ವ್ಯಾಟ್, ಅಂದರೆ 0.4 ಆಂಪ್, ಒಂದು ಮೀಟರಿಗೆ ರೆಗ್ಯುಲೇಟರಿನ ಬೆನ್ನಿಗೆ ಚಿಕ್ಕ ಅಲ್ಯೂಮಿನಿಯಂ ತುಂಡು ಸಾಕು. 5050 ಎಂಬ ದೊಡ್ಡ ಚಿಪ್ಪಿನದು ಮೀಟರಿಗೆ 14.4 ವ್ಯಾಟ್, ಅದಕ್ಕೆ ಈ ರೆಗ್ಯುಲೇಟರ್ ಸಾಲದು.

ಕರೆಂಟನ್ನು ಕೀಲಿ ತಿರುಗಿಸಿದಾಗ ಮಾತ್ರ ಬರುವ ಫ್ಯೂಸಿನಿಂದ ಫ್ಯೂಸ್ ಟ್ಯಾಪ್ (ಫ್ಯೂಸಿನ ಜಾಗದಲ್ಲಿ ಸಿಕ್ಕಿಸಿ ಇನ್ನೊಂದು ತಂತಿ ತೆಗೆಯುವ ಸಾಧನ) ಮೂಲಕ ತೆಗೆದು, ಪಟ್ಟಿಗೆ ಬೇರೆಯದೇ 3 ಆಂಪಿನ ನೇರಳೆ ಫ್ಯೂಸ್ ಹಾಕಿ. ಏರ್‌ಬ್ಯಾಗ್, ಎಬಿಎಸ್ ಫ್ಯೂಸುಗಳನ್ನು ಮುಟ್ಟಲೇಬೇಡಿ. ವೈರನ್ನು ಪೆಡಲ್ ಹತ್ತಿರ ಜೋತಾಡಲು ಬಿಡಬಾರದು. ಏರ್‌ಬ್ಯಾಗ್ ಗುರುತಿರುವ ಕಂಬದ ಕವಚದೊಳಗೂ ತೂರಿಸಬಾರದು. ಒಳಗೆ ಮಡಚಿಟ್ಟ ಚೀಲ ಬಿಚ್ಚಿಕೊಳ್ಳುವ ದಾರಿ ಅದು.

ಯಾವ ಬಣ್ಣದ ಬೆಳಕು ಒಳ್ಳೆಯದು?
— ಜಗಳೂರು

4000 ಕೆಲ್ವಿನ್ ಆಸುಪಾಸು, ಅಂದರೆ ಹಳದಿಗೂ ನೀಲಿಗೂ ನಡುವಿನ ಬಿಳುಪು. 6500ರ ನೀಲಿ ಬಿಳುಪು ಅಂಗಡಿಯಲ್ಲಿ ಕಣ್ಣು ಸೆಳೆಯುತ್ತದೆ, ರಾತ್ರಿ ಹೆದ್ದಾರಿಯಲ್ಲಿ ಹಿಂದೆ ಕೂತವರು ದೀಪ ಹಾಕಿದರೆ ಮುಂಗಾಜಿನಲ್ಲಿ ಕುಕ್ಕುತ್ತದೆ.

ಒಳಗಿನ ಎಲ್‌ಇಡಿ ಹತ್ತಿದರೆ ಸಾಕು, ರೇಡಿಯೋದಲ್ಲಿ ಆಕಾಶವಾಣಿ ಬದಲು ಬುರ್ ಅನ್ನುತ್ತದೆ.
— ಚಿತ್ರದುರ್ಗ

ಬಲ್ಬಿನೊಳಗಿನ ಡ್ರೈವರ್ ಸರ್ಕ್ಯೂಟ್ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೊಡುತ್ತದೆ, ಆ ಗಲಾಟೆ ಆಂಟೆನಾಕ್ಕೆ ತಲುಪುತ್ತದೆ. ಆಂಟೆನಾ ಬುಡ ಚಾವಣಿಯಲ್ಲೇ ಇದ್ದರಂತೂ ಜಾಸ್ತಿ. ಒಳಗೆ ರೆಸಿಸ್ಟರ್ ಮಾತ್ರ ಇರುವ ಸಾದಾ ಎಲ್‌ಇಡಿ ಹಾಕಿ ನೋಡಿ. ಟಿಪ್ಪರಿಗೆ ಹೇಳಿದ ‘10–30 ವೋಲ್ಟ್’ ಬಲ್ಬಿನೊಳಗೆ ಇಂಥದೇ ಡ್ರೈವರ್ ಇರುತ್ತದೆ, ಅಲ್ಲಿ ಬೇಕಾದದ್ದು ಇಲ್ಲಿ ಬೇಡವಾಯಿತು ನೋಡಿ.

ಎಲ್‌ಇಡಿ ಇದ್ದರೆ ರಾತ್ರಿಯಿಡೀ ದೀಪ ಉರಿದರೂ ಬ್ಯಾಟರಿ ಇಳಿಯುವುದಿಲ್ಲ ತಾನೆ?
— ಹೊನ್ನಾಳಿ

5 ವ್ಯಾಟಿನ ಹಳೆಯ ಬಲ್ಬ್ ಹತ್ತು ಗಂಟೆಗೆ 4.2 ಆಂಪಿಯರ್-ಗಂಟೆ ತಿನ್ನುತ್ತದೆ, 1 ವ್ಯಾಟಿನ ಎಲ್‌ಇಡಿ 0.8. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಚೆನ್ನಾಗಿದ್ದರೆ ಬೆಳಿಗ್ಗೆ ಎರಡರಲ್ಲೂ ಸ್ಟಾರ್ಟ್ ಆಗುತ್ತದೆ. ಆದರೆ ದೀಪ ಉರಿದದ್ದು ಬಾಗಿಲು ಸರಿಯಾಗಿ ಮುಚ್ಚದೆ ಆದರೆ, ಹೊಸ ಕಾರುಗಳಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆಗಳೂ ನಿದ್ದೆ ಹೋಗದೆ ಕರೆಂಟು ಎಳೆಯುತ್ತಿರುತ್ತವೆ. ಆ ಲೆಕ್ಕಕ್ಕೂ ಬಲ್ಬಿಗೂ ಸಂಬಂಧವಿಲ್ಲ.

ಒಂದು ಟಿ10 ಉಳಿದಿದೆ, ನೀಲಿ ಬಣ್ಣದ್ದು. ಹಿಂದಿನ ನಂಬರ್ ಪ್ಲೇಟ್ ದೀಪಕ್ಕೆ ಹಾಕಬಹುದೇ?
— ಚಳ್ಳಕೆರೆ

ಕೂರುತ್ತದೆ, ಆದರೆ ಹಾಕುವಂತಿಲ್ಲ. ನಂಬರ್ ಪ್ಲೇಟಿಗೆ ಬಿಳಿ ಬೆಳಕೇ ಇರಬೇಕೆಂದು ಮೋಟಾರು ವಾಹನ ನಿಯಮ ಹೇಳುತ್ತದೆ. ಬಿಳಿಯದು ಹಾಕುವುದಾದರೂ ಮುಚ್ಚಳದ ರಬ್ಬರ್ ಸರಿಯಾಗಿ ಕೂತಿದೆಯೇ ನೋಡಿ, ನೀರು ಹೋದರೆ ಹೋಲ್ಡರ್ ಹಸಿರುಗಟ್ಟುತ್ತದೆ. ನೀಲಿಯನ್ನು ಗ್ಲೋವ್ ಬಾಕ್ಸಿಗೆ ಹಾಕಿಕೊಳ್ಳಿ.